ಚೀಲದಲ್ಲಿದ್ದ ಅಕ್ಷತೆ

ಅಣ್ಣ ಗಾಡಿಯ ಕಸ ಚೆಲ್ಲುವ ಮೊದಲು ಅದನ್ನು ನೋಡುತ್ತಿದ್ದ. ಹಳೆಯ ಪೇಪರು ಹಾಸಿ, ಅದರ ಮೇಲೆ ಧೂಳಿನ ಚೀಲವನ್ನು ಬೋರಲು ಹಾಕಿ, ಕುಕ್ಕರಗಾಲಲ್ಲಿ ಕೂತು, ಜೋಳದಲ್ಲಿ ಹರಳು ಆರಿಸುವ ಹೆಂಗಸರ ಹಾಗೆ ಬೆರಳಿನಿಂದ ಸರಿಸಿ ಸರಿಸಿ ನೋಡುತ್ತಿದ್ದ. ಯಾರಾದರೂ ಹತ್ತಿರ ನಿಂತರೆ ಅವನಿಗೆ ಖುಷಿ.

“ಇದು ನೋಡು, ಉಸುಕು. ಮಿಂಚಾಕತ್ತದ. ಭೀಮಾ ದಂಡೀದು. ಇವ್ರು ಅಫಜಲಪುರದಾಗ ಹತ್ತ್ಯಾರ. ಈ ಕರೀ ಮಣ್ಣು ಜೇವರ್ಗಿ ಕಡೀದು, ಬೆರಳಿಗೆ ಹತ್ತಿದ್ರ ಬಿಡಂಗಿಲ್ಲ. ತೊಗರಿ ಹೊಟ್ಟು ಬಂತಂದ್ರ ನಮ್ಮ ಸಾವ್ಕಾರ್ರು ಹತ್ತಿ ಇಳಿದಾರ ಅಂತ ತಿಳ್ಕೊ.”

ನಾನು ಅವನಿಗಿಂತ ಎಂಟು ವರ್ಷ ಚಿಕ್ಕವನು. ಅಪ್ಪ ಹೋದಾಗ ನಾನು ಐದನೆಯ ಇಯತ್ತೆಯಲ್ಲಿದ್ದೆ, ಅಲ್ಲಿಗೇ ನನ್ನ ಶಾಲೆ ನಿಂತಿತು. ಅಣ್ಣನದು ಅದಕ್ಕಿಂತ ಮುಂಚೆಯೇ ನಿಂತಿತ್ತು. ನಮ್ಮ ಮನೆ ಜೇವರ್ಗಿಯಲ್ಲಿ, ಅವನ ಕೆಲಸ ಆಳಂದದಲ್ಲಿ, ಒಬ್ಬ ದಾಲ್ ಮಿಲ್ ಸಾವ್ಕಾರರ ಹತ್ತಿರ. ಅವರಿಗೆ ಹೇಳಿ ನನಗೆ ಡ್ರೈವರ್ ಕೆಲಸ ಕೊಡಿಸಿದವನೂ ಅವನೇ. ಅವನಿಗೆ ಒಂದು ಕಣ್ಣು ಮಂಜು, ಗಾಡಿ ಹೊಡೆಯುವಂತಿರಲಿಲ್ಲ. ಹೀಗಾಗಿ ನಾನು ಮುಂದೆ, ಅವನು ಹಿಂದೆ. ಏಳು ವರ್ಷ ನಾವಿಬ್ಬರೂ ಒಂದೇ ಗಾಡಿಯಲ್ಲಿ ತಿರುಗಿದೆವು.

ಆ ಗಾಡಿಯ ವಿಷಯ ಹೇಳಬೇಕು. ಅದು ಬಸ್ಸಿನಷ್ಟು ಉದ್ದದ, ಒಳಗೇ ಮನೆ ಇರುವ ಗಾಡಿ. ಮಂಚ, ಅಡುಗೆಕಟ್ಟೆ, ಕನ್ನಡಿ, ಒಬ್ಬರು ನಿಲ್ಲುವಷ್ಟು ಸ್ನಾನದ ಗೂಡು. ಯಾವುದೋ ಹೊರದೇಶದಲ್ಲಿ ತಯಾರಾಗಿ, ಮುಂಬೈಯಲ್ಲಿ ಸಿನಿಮಾದವರ ಕೈಯಲ್ಲಿ ಸವೆದು, ಹಳೆಯದಾದ ಮೇಲೆ ನಮ್ಮ ಸಾವ್ಕಾರರ ಕೈಗೆ ಬಂದಿತ್ತು. ಮದುವೆಗೆ, ಮಠದ ಸ್ವಾಮಿಗಳ ಪ್ರವಾಸಕ್ಕೆ, ಎಲೆಕ್ಷನ್ನಿಗೆ ಅವರು ಅದನ್ನು ಬಾಡಿಗೆಗೆ ಬಿಡುತ್ತಿದ್ದರು. ಮದುಮಗಳು ಅದರಲ್ಲಿ ಕೂತು ಬಂದರೆ ಊರಿಗೆ ಊರೇ ಬಂದು ಇಣುಕುತ್ತಿತ್ತು.

ಗಾಡಿಯ ಬಾಗಿಲ ಹತ್ತಿರ, ಗೋಡೆಯಲ್ಲಿ, ಅಂಗೈಯಗಲದ ಒಂದು ಮುಚ್ಚಳ ಇತ್ತು. ಎತ್ತಿದರೆ ಒಳಗೆ ದುಂಡನೆಯ ತೂತು. ಅದು ಏತಕ್ಕೆ ಎಂದು ಮೊದಲ ಮೂರು ತಿಂಗಳು ಯಾರಿಗೂ ತಿಳಿಯಲಿಲ್ಲ. ಮುಂದೆ ಕೂತ ಡ್ರೈವರನ ಜೊತೆ ಮಾತಾಡುವ ಕೊಳವೆ ಎಂದು ಮಿಲ್ಲಿನ ಗುಮಾಸ್ತರು ಹೇಳಿದರು. ಅದರೊಳಗೆ ಬಾಯಿಟ್ಟು, “ಏ ಡ್ರೈವರ್, ಕೇಳಸ್ತೇನೋ?” ಎಂದು ಕೂಗಿಯೂ ನೋಡಿದರು. ನಾನು ಸ್ಟೇರಿಂಗಿನ ಮುಂದೆ ಕೂತು, ಬರೀ ಕಿವಿಯಿಂದಲೇ ಕೇಳಿ, “ಕೇಳಸ್ತದ್ರೀ” ಅಂದೆ. ಆಮೇಲೆ ಒಂದು ವಾರ ಅವರು ಅದರಲ್ಲೇ ಮಾತಾಡಿದರು.

ಅದು ಧೂಳು ಹೀರುವ ಮಷಿನ್ನಿನ ಬಾಯಿ ಎಂದು ಕಂಡುಹಿಡಿದವನು ಅಣ್ಣ. ಮಂಚದ ಕೆಳಗಿನ ಕಪಾಟಿನಲ್ಲಿ ಒಂದು ಡಬ್ಬಿ, ಅದರ ಮೇಲೆ ಮೋಟಾರು, ಒಳಗೆ ಹರಿದ ಕಾಗದದ ಚೀಲ. ಅಲ್ಲಿಂದ ಗೋಡೆಯೊಳಗೆ ಕೊಳವೆ. ಸ್ನಾನದ ಗೂಡಿನಲ್ಲಿ ಸುರುಳಿ ಸುತ್ತಿ ಬಿದ್ದಿದ್ದ ಉದ್ದನೆಯ ಪೈಪನ್ನು ನಾವು ನೀರಿನದೆಂದು ತಿಳಿದಿದ್ದೆವು. ಅವನು ಅದನ್ನು ತಂದು ಗೋಡೆಯ ತೂತಿಗೆ ಹಚ್ಚಿದ. ಮುಚ್ಚಳ ಎತ್ತಿ ಪೈಪು ಸಿಗಿಸಿದರೆ ಸಾಕು, ಮೋಟಾರು ತಾನೇ ಶುರುವಾಗುತ್ತದೆ, ಬೇರೆ ಬಟನ್ನೇ ಇಲ್ಲ. ಮಷಿನ್ನು ಗೋಡೆಯೊಳಗೆ, ಕೈಯಲ್ಲಿ ಬರೀ ಪೈಪು. ಆನೆಯ ಸೊಂಡಿಲಿನ ಹಾಗಿದೆ ಎಂದು ಅಣ್ಣ ಅದನ್ನು ‘ಸೊಂಡಿ’ ಎಂದು ಕರೆದ. ಆಮೇಲೆ ಎಲ್ಲರೂ ಹಾಗೇ ಕರೆದರು.

“ಕಸಬರಗಿ ಕಸಾ ಜಾಗಾ ಬದಲಿ ಮಾಡ್ತದಲೇ,” ಎನ್ನುತ್ತಿದ್ದ. “ಸೊಂಡಿ ಹಿಡೀತದ. ಹಿಡಿದು ನನ್ನ ಕೈಯಾಗ ಕೊಡ್ತದ.”

ಆದರೆ ಅದಕ್ಕೆ ಒಂದು ಕಾಟ ಇತ್ತು. ಅದು ಹುಟ್ಟಿದ ದೇಶದಲ್ಲಿ ಕರೆಂಟು ನಮ್ಮದರ ಅರ್ಧ ಜೋರು ಮಾತ್ರ. ನಮ್ಮ ಕರೆಂಟನ್ನು ನೇರ ಕೊಟ್ಟರೆ ಮೋಟಾರು ಉಳಿಯುವುದಿಲ್ಲ. ಅದಕ್ಕೆ ನಡುವೆ ಒಂದು ಕಬ್ಬಿಣದ ಪೆಟ್ಟಿಗೆ ಬೇಕು, ಜೋರನ್ನು ಅರ್ಧಕ್ಕೆ ಇಳಿಸುವ ಪೆಟ್ಟಿಗೆ. ಇಬ್ಬರು ಎತ್ತಬೇಕು, ಅಷ್ಟು ಭಾರ. ಅಣ್ಣ ಅದನ್ನು ಹಿಂದಿನ ಸೀಟಿನ ಕೆಳಗಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ಉಡದಾರಕ್ಕೆ ಕಟ್ಟಿಕೊಂಡಿದ್ದ. ಪೆಟ್ಟಿಗೆ ಹಚ್ಚಿದ ಮೇಲೂ ಅವನಿಗೆ ನಂಬಿಕೆ ಇಲ್ಲ. ಗಾಡಿಯೊಳಗಿನ ಹಳೆಯ ದೀಪದಿಂದ ತೆಗೆದ, ಅದೇ ಅರ್ಧ ಜೋರಿನ ಒಂದು ಬಲ್ಬು ಅವನ ಹತ್ತಿರ ಇತ್ತು. ಅರಿವೆಯಲ್ಲಿ ಸುತ್ತಿ ಅಂಗಿಯ ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದ. ಮೊದಲು ಬಲ್ಬು ಹಚ್ಚಬೇಕು. ಅದು ಹಳದಿಯಾಗಿ, ಸಮಾಧಾನವಾಗಿ ಉರಿದರೆ ಮಾತ್ರ ಮುಚ್ಚಳ ಎತ್ತಬೇಕು. ಏಳು ವರ್ಷದಲ್ಲಿ ಒಂದು ದಿನವೂ ಅವನು ಈ ಕ್ರಮ ಬಿಡಲಿಲ್ಲ.

ಇನ್ನೊಂದು, ಚೀಲ. ಕಾಗದದ ಚೀಲ ಈಗ ಎಲ್ಲಿಯೂ ತಯಾರಾಗುವುದಿಲ್ಲ. ಅತ್ತಿಗೆ, ಅಂದರೆ ಅಣ್ಣನ ಹೆಂಡತಿ, ಹಳೆಯ ಧೋತರದಲ್ಲಿ ಒಂದು ಹೊಲಿದುಕೊಟ್ಟಳು. ಒಮ್ಮೆ ಒಬ್ಬ ವಯಸ್ಸಾದ ಸ್ವಾಮಿಗಳು ನಮ್ಮ ಗಾಡಿಯಲ್ಲಿ ಹೊರಟಿದ್ದರು. ಶಿಷ್ಯನೊಬ್ಬ ವಿಭೂತಿಯ ಗಟ್ಟಿಯನ್ನು ಕೆಳಗೆ ಬೀಳಿಸಿ, ಮೇಲೆ ಕಾಲಿಟ್ಟು ಪುಡಿ ಮಾಡಿದ. ಅಣ್ಣ ಸೊಂಡಿ ಹಚ್ಚಿದ. ವಿಭೂತಿ ಎಷ್ಟು ನುಣ್ಣಗೆ ಎಂದರೆ ಧೋತರದೊಳಗಿಂದ ಪಾರಾಗಿ, ಮೋಟಾರಿನ ಹಿಂದಿನಿಂದ ಹೊಗೆಯಂತೆ ಹೊರಗೆ ಬಂತು. ಒಂದೇ ನಿಮಿಷದಲ್ಲಿ ಸೀಟು, ಕನ್ನಡಿ, ಶಿಷ್ಯ, ಅಣ್ಣ, ಎಲ್ಲ ಬೆಳ್ಳಗೆ. ಅಣ್ಣ ಕೈ ಮುಗಿದು ನಿಂತ. ಸ್ವಾಮಿಗಳು ಹುಬ್ಬಿನ ಮೇಲಿನದನ್ನು ಒರೆಸಿಕೊಂಡು ನಕ್ಕರು.

“ಹೆದರಬ್ಯಾಡಪ್ಪ. ಇಷ್ಟ ದಿನ ನಮಗಷ್ಟೇ ದೀಕ್ಷಾ ಆಗಿತ್ತು, ಇವತ್ತ ಗಾಡಿಗೂ ಆತು.”

ಅವತ್ತಿನಿಂದ ಚೀಲಕ್ಕೆ ಎರಡು ಪದರ. ಹೊರಗೆ ಧೋತರ, ಒಳಗೆ ಕುಪ್ಪಸದ ಅಸ್ತರು. ಹೊಲಿಯುವಾಗ ಅತ್ತಿಗೆ ಗೊಣಗುತ್ತಿದ್ದಳು: “ನನಗ ಒಂದು ಕುಪ್ಪಸ ಹೊಲಸ್ಲಿಲ್ಲ ಈ ಮನಶ್ಯಾ. ಆ ಸೊಂಡಿಗೆ ಅಸ್ತರದ ಅಂಗಿ!” ಹೊಲಿಗೆ ಮಾತ್ರ ಒಂದೂ ತಪ್ಪುತ್ತಿರಲಿಲ್ಲ.

ಪ್ರತಿ ಸಲ ಗಾಡಿ ನಿಂತಾಗ ಅಣ್ಣ ಚೀಲ ಖಾಲಿ ಮಾಡುತ್ತಿದ್ದ. ತುಂಬಿದ ಚೀಲ ಇಟ್ಟುಕೊಂಡು ಮೋಟಾರು ನಡೆಸುವುದು ಅವನ ಲೆಕ್ಕದಲ್ಲಿ ಪಾಪ. ಧೂಳಿನಲ್ಲಿ ಏನೇನೋ ಸಿಗುತ್ತಿತ್ತು. ಗುಂಡಿ, ಸೇಫ್ಟಿ ಪಿನ್ನು, ಮಗುವಿನ ಕಾಲುಗೆಜ್ಜೆಯ ಗುಂಡು, ಒಮ್ಮೆ ಮುದುಕರೊಬ್ಬರ ಒಂದು ಹಲ್ಲು. ಯಾವುದನ್ನೂ ಚೆಲ್ಲುವಂತಿಲ್ಲ. ಯಾರದು ಎಂದು ಕೇಳುತ್ತ ಹೋಗಿ, ಅವರ ಅಂಗೈ ಬಿಡಿಸಿ, ವಸ್ತು ಇಟ್ಟು, ಅವರ ಬೆರಳುಗಳನ್ನು ತಾನೇ ಒಂದೊಂದಾಗಿ ಮಡಚುತ್ತಿದ್ದ. “ನಿಮ್ಮದು ನಿಮಗ ಮುಟ್ತು ನೋಡ್ರಿ” ಎನ್ನುತ್ತಿದ್ದ. ಆ ಹಲ್ಲನ್ನೂ ಹಾಗೇ ಕೊಟ್ಟ. ಮುದುಕರು ಬೈದರು. ಅವನಿಗೆ ಬೇಜಾರಾಗಲಿಲ್ಲ.

ಗಾಡಿ ನಿಂತಲ್ಲೆಲ್ಲ ಜನ ಅವನನ್ನೇ ಕೇಳುತ್ತಿದ್ದರು. “ಸೊಂಡಿ ತೋರಸ್ರಿ, ಸೊಂಡಿ ತೋರಸ್ರಿ.” ಅವನು ನೆಲದ ಮೇಲೆ ಒಂದು ಹಿಡಿ ಮಂಡಕ್ಕಿ ಚೆಲ್ಲಿ ಪೈಪು ಹಿಡಿದರೆ ಹೆಣ್ಣುಮಕ್ಕಳು ಕೂಗುತ್ತಿದ್ದರು. ಅಷ್ಟು ದೊಡ್ಡ ಗಾಡಿಯನ್ನು ಆಳಂದದ ಸಂದಿಯಲ್ಲಿ ಹಿಮ್ಮುಖ ತಿರುಗಿಸುವ ನನ್ನನ್ನು ಯಾರೂ ಕೇಳುತ್ತಿರಲಿಲ್ಲ. ಇದು ನನ್ನ ಮನಸ್ಸಿನಲ್ಲಿ ಇತ್ತು. ಈಗ ಒಪ್ಪಿಕೊಳ್ಳುತ್ತೇನೆ.

ಆ ದಿನ ಚೌಡಾಪುರದಲ್ಲಿ ಮದುವೆ. ಮುಂಜಾನೆ ಮದುಮಗಳನ್ನೂ ಅವಳ ಕಡೆಯ ಹೆಂಗಸರನ್ನೂ ಕರೆತಂದು ಬಿಟ್ಟೆವು. ಅಣ್ಣ ಕ್ರಮದಂತೆ ಗಾಡಿ ಸಾಫ್ ಮಾಡಿ, ಚೀಲ ಬೋರಲು ಹಾಕಿ ಕೂತ. ಅದರಲ್ಲಿ ಒಂದು ಮೂಗುಬಟ್ಟು ಸಿಕ್ಕಿತು. ಅತನೂರದಿಂದ ಬಂದಿದ್ದ ಒಬ್ಬ ಮುದುಕಿಯದು. ವಿಚಾರಿಸಿದರೆ, ಆಕೆಗೆ ಆರಾಮ ಇಲ್ಲವೆಂದು ಊಟ ಕೂಡ ಮಾಡದೆ ಸೊಸೆ ಊರಿಗೆ ಕರೆದುಕೊಂಡು ಹೋಗಿದ್ದಳು.

“ನಾ ಹೋಗಿ ಕೊಟ್ಟು ಬರ್ತೇನಿ,” ಅಂದ ಅಣ್ಣ.

“ಮದುವಿಯವರ ಕೈಯಾಗ ಕೊಡು. ಅವ್ರು ಮುಟ್ಟಿಸ್ತಾರ.”

“ಹತ್ತು ಕೈ ದಾಟಿ ಮುಟ್ಟೂದು ಮುಟ್ಟಿದಂಗಲ್ಲೋ. ಮುದುಕಿ ಅಲ್ಲಿ ಹಾಸಿಗಿ ಝಾಡಿಸಿ ಝಾಡಿಸಿ ಹುಡುಕಾಕತ್ತಿರ್ತದ. ಟಂಟಂ ಆಟೋದಾಗ ಹೋಗಿ ಬರ್ತೇನಿ. ನೀ ಅದೀಯಲ್ಲ.”

ಖಾಲಿ ಚೀಲವನ್ನು ಹೊರಗೆ ಮೂರು ಸಲ ಝಾಡಿಸಿ, ಮಷಿನ್ನಿನೊಳಗೆ ಕೂಡಿಸಿ, ಕಪಾಟು ಮುಚ್ಚಿ ಹೋದ. ಅದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಅಕ್ಷತೆ ಆದ ಮೇಲೆ ಮದುಮಗಳನ್ನು ಮತ್ತೆ ಗಾಡಿಗೆ ಕರೆತಂದರು. ಸೀರೆ ಬದಲಿಸಲು. ಅವಳ ತಲೆಯಿಂದ, ಹೆಗಲಿಂದ, ಸೀರೆಯ ನಿರಿಗೆಯಿಂದ ಅರಿಸಿನದ ಅಕ್ಕಿ ಸುರಿಯಿತು. ಜೊತೆಗೆ ಬಂದ ಹೆಂಗಸರದೂ ಅಷ್ಟೇ. ಹಾಸಿದ ಜಮಖಾನೆಯೆಲ್ಲ ಹಳದಿ. ಅವರು ಇಳಿದು ಹೋದರು, ಮದುಮಗಳ ಗೆಳತಿಯರು ನಾಲ್ಕೈದು ಜನ ಬಾಗಿಲಲ್ಲೇ ನಿಂತಿದ್ದರು. ಆಗ ಸಾವ್ಕಾರರ ಫೋನು ಬಂತು.

“ಸಂಜೀಕ ಗಾಡಿ ಜೇವರ್ಗಿಗೆ ತೊಗೊಂಡು ಬಾ. ಹೊಸಾ ಬೀಗರು ಬರಾಕತ್ತ್ಯಾರ. ಸಾಫ್ ಇರ್ಬೇಕು. ಸೊಂಡಿ ನಾನೇ ತೋರಸ್ತೇನಿ ಅವರಿಗೆ.”

ಅಣ್ಣ ಇನ್ನೂ ಬಂದಿರಲಿಲ್ಲ. ಕಸಬರಿಗೆಯಿಂದ ಗುಡಿಸಬಹುದಿತ್ತು. ಅರ್ಧ ತಾಸಿನ ಕೆಲಸ. ಬಾಗಿಲಲ್ಲಿದ್ದ ಒಬ್ಬ ಹುಡುಗಿ ಕೇಳಿದಳು, “ಸೊಂಡಿ ಅಣ್ಣಾರು ಇಲ್ಲೇನ್ರಿ? ನಿಮಗ ಬರಂಗಿಲ್ಲೇನು ಅದು?”

“ಬರ್ದೇನು?” ಅಂದೆ.

ಪೆಟ್ಟಿಗೆಯ ಬೀಗದ ಕೈ ಅಣ್ಣನ ಉಡದಾರದಲ್ಲಿ ಅತನೂರಕ್ಕೆ ಹೋಗಿತ್ತು. ಬಲ್ಬು ಕನ್ನಡಿಯ ಹತ್ತಿರ ನೇತುಹಾಕಿದ ಅವನ ಇನ್ನೊಂದು ಅಂಗಿಯ ಜೇಬಿನಲ್ಲಿತ್ತು. ನಾನು ಅದನ್ನು ಮುಟ್ಟಲಿಲ್ಲ. ಐದು ನಿಮಿಷಕ್ಕೆ ಏನಾಗುತ್ತದೆ ಎಂದುಕೊಂಡೆ. ಕಲ್ಯಾಣ ಮಂಟಪದ ಗೋಡೆಯಿಂದ ವಯರು ಎಳೆದು, ತುದಿ ಕೆರೆದು, ಮೋಟಾರಿನ ವಯರಿಗೆ ನೇರವಾಗಿ ಜೋಡಿಸಿದೆ. ಮುಚ್ಚಳ ಎತ್ತಿ ಪೈಪು ಸಿಗಿಸಿದೆ.

ಅದು ಕೂಗಿತು. ಅಣ್ಣನ ಕೈಯಲ್ಲಿ ಅದು ಯಾವತ್ತೂ ಹಾಗೆ ಕೂಗಿರಲಿಲ್ಲ. ಅಕ್ಕಿಕಾಳು ಕಣ್ಣಿಗೆ ಕಾಣದಂತೆ ಓಡಿ ಒಳಗೆ ಹೋಯಿತು. ಹುಡುಗಿಯರು ಚಪ್ಪಾಳೆ ತಟ್ಟಿದರು. ಅಣ್ಣನಿಗಿಂತ ನಾನು ಜೋರಾಗಿ ನಡೆಸಿದೆ ಎಂದು ನನಗೆ ಹೆಮ್ಮೆಯಾಯಿತು. ಜಮಖಾನೆ ಪೂರ್ತಿ ಸಾಫ್ ಆಗುವ ಹೊತ್ತಿಗೆ ಕೂಗು ದಪ್ಪಗಾಗಿ, ಕರಕಲು ವಾಸನೆ ಬಂದು, ನಿಂತುಬಿಟ್ಟಿತು. “ಆತು, ಮುಗೀತು, ಹೋಗ್ರಿ” ಎಂದು ಹುಡುಗಿಯರನ್ನು ಕಳಿಸಿದೆ.

ವಯರು ತೆಗೆದೆ. ಕಿಟಕಿ ತೆರೆದೆ. ಊದಿನಕಡ್ಡಿ ಹಚ್ಚಿದೆ. ಅಣ್ಣ ಮಧ್ಯಾಹ್ನ ಮೂರಕ್ಕೆ ಬೆವರು ಒರೆಸುತ್ತ ಬಂದ. ಮುಖದಲ್ಲಿ ಸಂತೋಷ.

“ಯಾರು ಊದಿನಕಡ್ಡಿ ಹಚ್ಚ್ಯಾರ?”

“ನಾನೇ. ಮದುವಿ ಗಾಡಿ ಅಲ್ಲೇನು.”

“ಅಕ್ಕಿ ಬಿದ್ದಿತ್ತೇನು?”

“ಬಿದ್ದಿತ್ತು. ಕಸಬರಗೀಲೆ ಹೊಡೆದು ಚೆಲ್ಲೀನಿ.”

ಅವನು ನನ್ನ ಬೆನ್ನು ತಟ್ಟಿದ. ದಾರಿಯುದ್ದಕ್ಕೂ ಮುದುಕಿಯ ಕತೆ ಹೇಳಿದ. ಅತನೂರದಲ್ಲಿ ಹನುಮಂತನ ಗುಡಿಯ ಎದುರಿನ ಮನೆ. ಮುದುಕಿಯ ಅಂಗೈಯಲ್ಲಿ ಮೂಗುಬಟ್ಟು ಇಟ್ಟು ಬೆರಳು ಮಡಚಿದಾಗ ಆಕೆ ಅತ್ತಳಂತೆ. ನಾನು ಕನ್ನಡಿಯಲ್ಲಿ ಅವನನ್ನು ನೋಡದೆ ಗಾಡಿ ಹೊಡೆದೆ. ಹೇಳಬೇಕು, ಜೇವರ್ಗಿ ಬರುವುದರೊಳಗೆ ಹೇಳಬೇಕು ಎಂದು ಒಂದೊಂದು ಊರು ದಾಟಿದೆ. ಊರುಗಳು ಮುಗಿದವು.

ಜೇವರ್ಗಿಯಲ್ಲಿ ಬೀಗರು ಆರೇಳು ಜನ ಗಾಡಿ ಹತ್ತಿದರು. ಅಣ್ಣ ಪೆಟ್ಟಿಗೆ ಹಚ್ಚಿ, ಬಲ್ಬು ಹಳದಿಯಾಗಿ ಉರಿಯುವುದನ್ನು ನೋಡಿ, ಬದಿಗೆ ಸರಿದು ನಿಂತ. ಸಾವ್ಕಾರರು ಒಂದು ಹಿಡಿ ಮಂಡಕ್ಕಿ ಚೆಲ್ಲಿ, “ಈಗ ನೋಡ್ರಿ ಮಜಾ” ಎಂದು ಮುಚ್ಚಳ ಎತ್ತಿ ಪೈಪು ಸಿಗಿಸಿದರು. ಸದ್ದಿಲ್ಲ. ತೆಗೆದು ಮತ್ತೆ ಸಿಗಿಸಿದರು. ಸದ್ದಿಲ್ಲ. ಬೀಗರಲ್ಲಿ ಒಬ್ಬರು, “ಗಾಡೀನೂ ಹಿಂಗೇ ಏನ್ರಿ, ದೂಡಬೇಕೇನು?” ಅಂದರು. ಎಲ್ಲರೂ ನಕ್ಕರು.

ಸಾವ್ಕಾರರ ಮುಖ ಕೆಂಪಾಯಿತು. ತಾವೇ ಕಪಾಟು ತೆರೆದು ಡಬ್ಬಿಯ ಮುಚ್ಚಳ ಬಿಚ್ಚಿದರು. ಚೀಲ ಗರ್ಭಿಣಿಯ ಹೊಟ್ಟೆಯ ಹಾಗೆ ಉಬ್ಬಿತ್ತು.

“ಏನಿದು? ಚೀಲ ಖಾಲಿ ಮಾಡ್ಲಾರ್ದ ಎಲ್ಲಿ ಸತ್ತಿದ್ದೆಲೇ?”

“ಅತನೂರಕ್ಕ ಹೋಗಿದ್ನಿರಿ,” ಅಂದ ಅಣ್ಣ.

“ಅಲ್ಲಿ ನಿಮ್ಮ ಸೋದರತ್ತಿ ಮನಿ ಅದ ಏನು? ಚೀಲ ತುಂಬಿ ಉಸಿರು ಕಟ್ಟಿ ಮೋಟಾರ ಸುಟ್ಟದ. ವಾಸನಿ ಬರಾಕತ್ತದ ನೋಡು!”

ಅಣ್ಣ ಬಗ್ಗಿ ಚೀಲದೊಳಗೆ ಕೈ ಹಾಕಿದ. ಒಂದು ಚಿಟಿಕೆ ಅಕ್ಕಿ ತೆಗೆದು, ಬೆಳಕಿಗೆ ಹಿಡಿದು ನೋಡಿದ. ಅರಿಸಿನದ ಅಕ್ಕಿ. ಅವನು ಹೋಗುವಾಗ ಮದುವೆಯ ಅಕ್ಷತೆ ಇನ್ನೂ ಬಿದ್ದೇ ಇರಲಿಲ್ಲ. ಧೂಳು ನೋಡಿ ಊರು ಹೇಳುತ್ತಿದ್ದವನಿಗೆ ಇದು ತಿಳಿಯಲು ಎಷ್ಟು ಹೊತ್ತು? ಅವನು ತಲೆ ಎತ್ತಿ ನನ್ನ ಕಡೆ ನೋಡಿದ. ನಾನು ಮುಂದಿನ ಗಾಜು ಒರೆಸುತ್ತಿದ್ದೆ. ಗಾಜು ಸಾಫಾಗಿಯೇ ಇತ್ತು.

“ಹೌದ್ರಿ,” ಅಂದ ಅಣ್ಣ. “ತುಂಬೇದ್ರಿ.”

ಯಾರು ತುಂಬಿದರು ಎಂದು ಅವನು ಹೇಳಲಿಲ್ಲ. ನಾನೂ ಹೇಳಲಿಲ್ಲ. “ನಾಳಿಂದ ನನ್ನ ಗಾಡಿ ಹತ್ತಬ್ಯಾಡ” ಎಂದರು ಸಾವ್ಕಾರರು. ಆಗಲಾದರೂ ಬಾಯಿ ಬಿಡಬಹುದಿತ್ತು. ಒಂದೇ ಮಾತು ಸಾಕಿತ್ತು. ಆಡಲಿಲ್ಲ. ಯಾಕೆ ಎಂದು ಇಷ್ಟು ವರ್ಷ ಕೇಳಿಕೊಂಡಿದ್ದೇನೆ. ಕೆಲಸ ಹೋಗುತ್ತದೆಂಬ ಹೆದರಿಕೆ ಇತ್ತು, ನಿಜ. ಆದರೆ ಅದಕ್ಕಿಂತ ಹೆಚ್ಚಾಗಿ, ಊದಿನಕಡ್ಡಿ ಹಚ್ಚಿದ್ದು, ಕಸಬರಿಗೆ ಎಂದದ್ದು, ಎಲ್ಲವನ್ನೂ ಅಷ್ಟು ಜನರ ಮುಂದೆ ಬಿಚ್ಚಬೇಕಲ್ಲ ಎನ್ನುವುದು.

ಅಣ್ಣ ತನ್ನ ಅಂಗಿ, ತಾಟು, ಹಾಸಿಗೆ ಕಟ್ಟಿಕೊಂಡ. ಬೀಗದ ಕೈಯನ್ನು ಉಡದಾರದಿಂದ ಬಿಚ್ಚಿ ಸೀಟಿನ ಮೇಲಿಟ್ಟ. ಇಳಿಯುವ ಮೊದಲು ಜೇಬಿನಿಂದ ಅರಿವೆಯಲ್ಲಿ ಸುತ್ತಿದ ಬಲ್ಬು ತೆಗೆದು ನನಗೆ ಕೊಟ್ಟ.

“ಇದು ನಿನ್ನ ಹತ್ರ ಇರ್ಲಿ,” ಅಂದ. “ಮೊದಲ ಇದನ್ನ ಹಚ್ಚಬೇಕು.”

ಅಷ್ಟೇ. ಬಯ್ಯಲಿಲ್ಲ. ಇದಾದ ಮೇಲೆ ಅವನು ಬದುಕಿದ್ದಷ್ಟು ದಿನ ಆ ಮಾತು ತೆಗೆಯಲಿಲ್ಲ.

ಜೇವರ್ಗಿಯಲ್ಲಿ, ಬಸ್‌ಸ್ಟ್ಯಾಂಡಿನ ಆಚೆ ಒಂದು ಲಾಡ್ಜಿನಲ್ಲಿ ಅವನಿಗೆ ಕೋಣೆ ಗುಡಿಸುವ ಕೆಲಸ ಸಿಕ್ಕಿತು. ಕಸಬರಿಗೆಯಿಂದ. ಅಲ್ಲಿಯೂ ಮೊರದಲ್ಲಿ ಕಸ ತುಂಬಿಕೊಂಡು, ಮೆಟ್ಟಿಲ ಮೇಲೆ ಕೂತು ಬೆರಳಿನಿಂದ ಸರಿಸಿ ನೋಡುತ್ತಿದ್ದನಂತೆ. ಲಾಡ್ಜಿನವರು ಅವನನ್ನು ರತ್ನ ಪರೀಕ್ಷೆ ಮಾಡುವ ‘ಜೌಹರಿ’ ಎಂದು ಚೇಷ್ಟೆ ಮಾಡುತ್ತಿದ್ದರು. ನಾನು ಆ ರಸ್ತೆಯಲ್ಲೇ ಗಾಡಿ ಹೊಡೆದುಕೊಂಡು ಹೋಗಬೇಕಿತ್ತು. ಮೆಟ್ಟಿಲ ಮೇಲೆ ಅವನು ಕಂಡರೆ ಹಾರ್ನ್ ಹೊಡೆಯುತ್ತಿದ್ದೆ. ಅವನು ಕಸಬರಿಗೆ ಎತ್ತಿ ತೋರಿಸುತ್ತಿದ್ದ. ಹಾರ್ನ್ ಹೊಡೆಯುವುದು ಕಷ್ಟ, ಹೊಡೆಯದೆ ಹೋಗುವುದು ಅದಕ್ಕಿಂತ ಕಷ್ಟ.

ಹಬ್ಬಕ್ಕೆ ಅವನ ಮನೆಗೆ ಹೋಗುತ್ತಿದ್ದೆ. ಅತ್ತಿಗೆ ಹೋಳಿಗೆ ಬಡಿಸುತ್ತ, “ಚೀಲ ತುಂಬಿದ್ದು ನೋಡ್ಲಾರ್ದ ಹೋಗ್ಯಾನಂತ ನಿಮ್ಮಣ್ಣ! ನನ್ನ ಮುಂದ ದಿನಾ ಚೀಲ ಚೀಲ ಅಂತಿದ್ದ ಮನಶ್ಯಾ!” ಎಂದು ಆಡಿಕೊಳ್ಳುತ್ತಿದ್ದಳು. ಅಣ್ಣ ತಲೆ ತಗ್ಗಿಸಿ ಉಣ್ಣುತ್ತಿದ್ದ. ಅವನು ಹೆಂಡತಿಗೂ ಹೇಳಿರಲಿಲ್ಲ. ನಾನು ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳುತ್ತಿದ್ದೆ.

ಸೊಂಡಿ ಮತ್ತೆ ನಡೆಯಲಿಲ್ಲ. ಆ ಮೋಟಾರಿಗೆ ಹೊಸ ತಂತಿ ಸುತ್ತಿಕೊಡುವವರು ಕಲಬುರಗಿಯಲ್ಲಿ ಸಿಗಲಿಲ್ಲ, ಸೊಲ್ಲಾಪುರದಲ್ಲೂ ಸಿಗಲಿಲ್ಲ. ಕೆಲವು ವರ್ಷಕ್ಕೆ ಗಾಡಿಯೂ ಹಳತಾಗಿ ಆಳಂದದ ಮಿಲ್ಲಿನ ಹಿಂದೆ ನಿಂತಿತು. ನಾನು ಈಗ ಶಾಲೆಯ ಗಾಡಿ ಹೊಡೆಯುತ್ತೇನೆ.

ಹೋದ ವರ್ಷ ಅಣ್ಣನಿಗೆ ಲಕ್ವಾ ಹೊಡೆಯಿತು. ಬಲಗಡೆ ಪೂರ್ತಿ ಹೋಯಿತು, ಮಾತೂ ಹೋಯಿತು. ಎಡಗೈ ಒಂದೇ ಆಡುತ್ತಿತ್ತು. ಅದು ದಿನವಿಡೀ ಚಾದರದ ಮೇಲೆ ಓಡಾಡುತ್ತ, ನೂಲಿನ ಚೂರು, ಎಳೆ, ರೊಟ್ಟಿಯ ಪುಡಿ, ಏನು ಸಿಕ್ಕರೆ ಅದನ್ನು ಒಂದು ಕಡೆ ಗುಡ್ಡೆ ಮಾಡುತ್ತಿತ್ತು.

ನಾನು ದಿನವೂ ಹೋದೆ. ಹದಿನೈದನೆಯ ದಿನವೋ ಏನೋ, ಅತ್ತಿಗೆ ನೀರು ತರಲು ಹೊರಗೆ ಹೋದಾಗ, ಅವನ ಕಿವಿಯ ಹತ್ತಿರ ಬಗ್ಗಿ ಎಲ್ಲ ಹೇಳಿದೆ. ವಯರು ನೇರ ಕೊಟ್ಟದ್ದು, ಹುಡುಗಿಯರು ಚಪ್ಪಾಳೆ ತಟ್ಟಿದ್ದು, ಗಾಜು ಒರೆಸಿದ್ದು. ಅವನಿಗೆ ಬಾಯಿ ಇದ್ದಾಗ ಹೇಳದೆ, ಒಂದು ಮಾತೂ ತಿರುಗಿ ಆಡಲಾರ ಎಂದಾದ ಮೇಲೆ ಹೇಳಿದೆ. ಅದೂ ಗೊತ್ತಿದೆ ನನಗೆ.

ಅವನ ಕಣ್ಣು ಮಾಳಿಗೆಯ ಕಡೆಗಿತ್ತು. ಸ್ವಲ್ಪ ಹೊತ್ತಿಗೆ ಎಡಗೈ ಬಂದು ನನ್ನ ಕೈ ಹುಡುಕಿತು. ಅಂಗೈ ಬಿಡಿಸಿತು. ಚಾದರದ ಮೇಲಿನ ನೂಲಿನ ಗುಡ್ಡೆಯನ್ನು ಚಿವುಟಿ ತಂದು ಅದರಲ್ಲಿ ಇಟ್ಟಿತು. ನನ್ನ ಬೆರಳುಗಳನ್ನು ಒಂದೊಂದಾಗಿ ಮಡಚಿತು.

ನಾನು ಅಲ್ಲೇ ಅತ್ತೆ. ಅತ್ತಿಗೆ ಕೊಡ ಇಳಿಸಿ ಒಳಗೆ ಬಂದಳು.

“ಅಳಬ್ಯಾಡ ಮೈದುನಾ. ಕಸಾ ಕೊಟ್ಟನೇನು? ಯಾರ ಕೂತ್ರೂ ಹಂಗೇ ಮಾಡ್ತಾನ. ನಿನ್ನೆ ಹಾಲಿನವನಿಗೂ ಕೊಟ್ಟ. ಖಬರಿಲ್ಲ ಅವಗ.”

ಖಬರಿತ್ತೋ ಇಲ್ಲವೋ. ಅವನು ನನ್ನ ಮಾತು ಕೇಳಿ ಹಾಗೆ ಮಾಡಿದನೋ, ಹಾಲಿನವನಿಗೆ ಮಾಡಿದಂತೆ ನನಗೂ ಮಾಡಿದನೋ. ಇದನ್ನು ಯಾರನ್ನು ಕೇಳಲಿ? ಮುಂದಿನ ವಾರ ಅವನು ತೀರಿಕೊಂಡ.

ದಿನಕರ್ಮ ಮುಗಿದ ಮೇಲೆ ಆಳಂದಕ್ಕೆ ಹೋದೆ. ಸಾವ್ಕಾರರಿಗೂ ವಯಸ್ಸಾಗಿದೆ, ಮಿಲ್ಲಿನ ಕಟ್ಟೆಯ ಮೇಲೆ ಕೂತಿದ್ದರು. ಅವರಿಗೂ ಎಲ್ಲ ಹೇಳಿದೆ. ಬಯ್ಯಲಿ, ಹೊಡೆಯಲಿ ಎಂದೇ ಹೋಗಿದ್ದೆ.

“ಆ ಸೊಂಡಿ?” ಅಂದರು. “ಅಯ್ಯ ಮಾರಾಯ, ಬೀಗರ ಮುಂದ ನಗಿಪಾಟಲಾತಂತ ಸಿಟ್ಟು ಬಂದಿತ್ತು ನನಗ. ನಾಕ್ ದಿನಾ ಬಿಟ್ಟು ತಾನೇ ಬರ್ತಾನಂತ ಮಾಡಿದ್ದೆ. ಬರ್ಲೇ ಇಲ್ಲ. ನಿನ್ನ ಕೈಲೆ ಹೇಳಿ ಕಳಸ್ಬೇಕಂತ ಅನ್ಕೊಂಡೆ, ನೀನೂ ಅವನ ಮಾತು ತೆಗೀಲಿಲ್ಲ. ಹೋಗ್ಲಿ ಬಿಡು. ಈಗೇನದ?”

ಈಗ ಏನೂ ಇಲ್ಲ. ನಾನು ಕೇಳಿಕೊಂಡು ಮಿಲ್ಲಿನ ಹಿಂದೆ ಹೋಗಿ ಆ ಗಾಡಿ ಹತ್ತಿದೆ. ಟೈರು ಮಣ್ಣಲ್ಲಿ ಹೂತಿವೆ, ಒಳಗೆ ತೊಗರಿ ಹೊಟ್ಟಿನ ಮೂಟೆಗಳು. ಮಂಚದ ಕೆಳಗಿನ ಕಪಾಟು ತೆರೆದೆ. ಚೀಲ ಹಾಗೇ ಇತ್ತು. ಆ ದಿನದಿಂದ ಅದನ್ನು ಯಾರೂ ಖಾಲಿ ಮಾಡಿರಲಿಲ್ಲ. ಪೇಪರು ಹಾಸಿ, ಬೋರಲು ಹಾಕಿ, ಕುಕ್ಕರಗಾಲಲ್ಲಿ ಕೂತೆ. ಅಕ್ಕಿ ಹುಳ ತಿಂದು ಹಿಟ್ಟಾಗಿತ್ತು, ಅಲ್ಲಲ್ಲಿ ಅರಿಸಿನ ಉಳಿದಿತ್ತು. ಬೆರಳಿನಿಂದ ಸರಿಸಿ ಸರಿಸಿ ನೋಡಿದೆ. ಬಳೆಯ ಚೂರು. ಒಣಗಿದ ಹೂವಿನ ತೊಟ್ಟು. ಕೊನೆಗೆ ಒಂದು ಕರಿಮಣಿ, ಯಾರದೋ ತಾಳಿಸರದ್ದು.

ಆ ಮದುವೆಯ ಜನರಲ್ಲಿ ನನಗೆ ಗುರುತು ಗೊತ್ತಿದ್ದ ಮನೆ ಒಂದೇ, ಅತನೂರದ ಹನುಮಂತನ ಗುಡಿಯ ಎದುರಿನದು. ಮರುದಿನ ಅಲ್ಲಿಗೆ ಹೋದೆ. ಮುದುಕಿ ಎಂದೋ ತೀರಿಕೊಂಡಿದ್ದಾಳೆ. ಸೊಸೆ ಇದ್ದಳು, ಅವಳ ತಲೆಯೂ ಬೆಳ್ಳಗಾಗಿದೆ. ಕಟ್ಟೆಗೆ ಕೂಡಿಸಿ ನೀರು ಕೊಟ್ಟಳು. ಚೌಡಾಪುರದ ಮದುವೆಯಲ್ಲಿ ಗಾಡಿಯೊಳಗೆ ಬಿದ್ದದ್ದು ಎಂದು ಹೇಳಿ, ಕರಿಮಣಿಯನ್ನು ಅಂಗೈ ಮೇಲೆ ಇಟ್ಟು ತೋರಿಸಿದೆ.

“ಒಂದು ಮಣಿ ಯಾರದಂತ ಹೇಳ್ಲಿರಿ ಇಷ್ಟು ವರ್ಷದ ಮ್ಯಾಲ?” ಎಂದು ನಕ್ಕಳು. ಆಮೇಲೆ ಅವಳ ಮುಖ ಅರಳಿತು. “ಆ ಮದುವಿ ದಿನ ಒಬ್ರು ಬಂದಿದ್ರು ನೋಡ್ರಿ, ನಮ್ಮತ್ತಿ ಮೂಗುಬಟ್ಟು ತೊಗೊಂಡು. ದೇವರಂಥಾ ಮನಶ್ಯಾ. ನಮ್ಮತ್ತಿ ಸಾಯೂ ತನಕ ನೆನಸ್ತಿದ್ಲು. ಚಹಾ ಕುಡೀರಿ ಅಂದ್ರ ಕೂತ್ರು. ಅವಸರ ಇಲ್ಲೇನ್ರಿ, ಗಾಡಿ ಬಿಟ್ಟು ಬಂದೀರಲ್ಲ ಅಂದೆ. ನನ್ನ ತಮ್ಮ ಅದಾನ್ರಿ ಗಾಡ್ಯಾಗ, ಏನೂ ಕಾಳಜಿ ಇಲ್ಲ ಅಂದ್ರು.”

ನಾನು ನೀರಿನ ತಂಬಿಗೆ ಕೆಳಗಿಟ್ಟೆ.

ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. “ಮಾರಿ ಹಂಗೇ ಕಾಣಸ್ತದ್ರಿ,” ಅಂದಳು. “ಆ ತಮ್ಮ ನೀವೇ ಏನ್ರಿ?”

ಮಣಿಯ ಮೇಲೆ ಬೆರಳು ಮಡಚಿಕೊಂಡೆ.

“ಅಲ್ರಿ,” ಅಂದೆ. “ಗುರ್ತಿನವ ಅದೀನ್ರಿ.”